‘ಯಾಕ್’ ನದಿ ಪಕ್ಕದ ಹಳಿಯಿಲ್ಲದ ದಾರಿ

ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಅಮೆರಿಕದಲ್ಲಿ ರಜೆ. ಶನಿವಾರ, ಭಾನುವಾರ ಸೇರಿಸಿದರೆ ಮೂರು ದಿನ. ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿರುವ ನಾವು ನಾಲ್ಕು ಜನ ಕನ್ನಡದವರು ಪ್ರತಿ ವರ್ಷ ಈ ಮೂರು ದಿನಕ್ಕೆ ಭಾರೀ ಪ್ಲಾನ್ ಹಾಕುತ್ತೇವೆ. ಎಕ್ಸೆಲ್ ಶೀಟ್ ತಯಾರಾಗುತ್ತೆ, ವಾಟ್ಸಾಪ್ ಗ್ರೂಪ್ ಹುಟ್ಟುತ್ತೆ, ಗ್ರೂಪಿಗೆ ಹೆಸರಿಡೋಕೆ ಎರಡು ದಿನ ಜಗಳವಾಗುತ್ತೆ. ಕೊನೆಗೆ ಮೂರೂ ದಿನ ಯಾರದೋ ಮನೆಯಲ್ಲಿ ಬಿಸಿಬೇಳೆಬಾತ್ ತಿಂದು, ಇಸ್ಪೀಟಾಡಿ ಮುಗಿಸುತ್ತೇವೆ.

ಈ ಸಲ ಹಾಗಾಗಬಾರದು ಅಂತ ಆಗಸ್ಟಿನಲ್ಲೇ ಟಿಕೆಟ್ ತೆಗೆದೆವು. ಸೈಕಲ್ಲಿನಲ್ಲಿ ಗ್ರೇಟ್ ಅಲಿಗೇನಿ ಪ್ಯಾಸೇಜ್. ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್ ಊರಿನಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ತನಕ 150 ಮೈಲಿ, ಅಂದರೆ 240 ಕಿಲೋಮೀಟರ್. ಕಾರು, ಲಾರಿಗಳ ಕಾಟ ಇಲ್ಲ. ಬೆಟ್ಟ, ನದಿ, ಸುರಂಗ, ಸೇತುವೆ, ಎರಡೂ ಬದಿ ಕಾಡು. ಅಕ್ಟೋಬರ್ ನಡುವಿಗೆ ಆ ಕಾಡೆಲ್ಲ ಕೆಂಪು, ಹಳದಿ. ಈ ದಾರಿಯ ಬಹುಭಾಗ ಒಂದು ಕಾಲದಲ್ಲಿ ರೈಲು ಹಳಿ. ಹಳಿ ಕಿತ್ತು, ಮೇಲೆ ಸುಣ್ಣದಕಲ್ಲಿನ ಸಣ್ಣ ಪುಡಿ ಹಾಸಿ, ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟಿದ್ದಾರೆ. ಇಂಥದ್ದಕ್ಕೆ ಇಲ್ಲಿ ‘ರೈಲ್ ಟ್ರೇಲ್’ ಅನ್ನುತ್ತಾರೆ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಇಡೀ ಜೀವನ ರೈಲ್ವೆಯಲ್ಲಿ ದುಡಿದವರು. ಹಳಿ ನೋಡಿಕೊಳ್ಳುವ ಕೆಲಸ. ಅದರಲ್ಲೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ಘಾಟಿಯಲ್ಲಿ, ಮೀಟರ್ ಗೇಜ್ ಕಾಲದಲ್ಲಿ. ರಿಟೈರಾಗಿ ಈಗ ಅರಸೀಕೆರೆಯಲ್ಲಿದ್ದಾರೆ. ಕೆಂಪು ಎಲೆ, ಹಳದಿ ಎಲೆ ಅಂತ ನಾನು ವರ್ಣಿಸಿದ್ದು ಅವರ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ.

“ಹಳಿ ಯಾಕೋ ಕಿತ್ತರು?” ಅಂದರು.

“ಹಳೇ ಲೈನು ಅಪ್ಪ. ಲಾಸ್ ಆಗ್ತಿತ್ತೇನೋ.”

“ಏರು ಎಷ್ಟಿದೆ?”

“ಅದಿನ್ನೂ ನೋಡಿಲ್ಲ.”

“ಮತ್ತೆ ಅದೇನು ಪ್ಲಾನ್ ಮಾಡಿದ್ಯೋ?”

ಅವತ್ತಿನಿಂದ ನಮ್ಮ ಎಕ್ಸೆಲ್ ಶೀಟಿನಲ್ಲಿ ಹೋಟೆಲು, ಊಟ, ಪಂಕ್ಚರ್ ಕಿಟ್ಟಿನ ಜೊತೆಗೆ ‘ಅಪ್ಪನ ಪ್ರಶ್ನೆ’ ಅಂತ ಇನ್ನೊಂದು ಕಾಲಂ ಸೇರಿತು. ಎಲೆ ನೋಡೋಕೆ ಹೊರಟವರು ಚರಿತ್ರೆ ಓದೋಕೆ ಕೂತಿದ್ದು ಹೀಗೆ.

ಯಾವ ಕಡೆಯಿಂದ ಹೊರಡೋದು?

ಮೊದಲ ಜಗಳ ಇದೇ. ಪಿಟ್ಸ್‌ಬರ್ಗಿನಿಂದ ಶುರು ಮಾಡೋದೋ, ಕಂಬರ್‌ಲ್ಯಾಂಡಿನಿಂದಲೋ?

ಕಂಬರ್‌ಲ್ಯಾಂಡ್ ಸಮುದ್ರಮಟ್ಟದಿಂದ ಸುಮಾರು 600 ಅಡಿ ಎತ್ತರದಲ್ಲಿದೆ. ಅಲ್ಲಿಂದ 24 ಮೈಲಿ ಹತ್ತಿದರೆ 2,392 ಅಡಿ ಎತ್ತರದ ಜಲವಿಭಾಜಕ ಸಿಗುತ್ತೆ. ಅದರ ಪೂರ್ವಕ್ಕೆ ಬಿದ್ದ ಮಳೆನೀರು ಪೊಟೊಮ್ಯಾಕ್ ನದಿ ಸೇರಿ ಅಟ್ಲಾಂಟಿಕ್ ಕಡೆ ಹೋಗುತ್ತೆ. ಪಶ್ಚಿಮಕ್ಕೆ ಬಿದ್ದದ್ದು ಒಹಾಯೊ, ಮಿಸಿಸಿಪಿ ಅಂತ ಊರೆಲ್ಲ ಸುತ್ತಿ ಮೆಕ್ಸಿಕೊ ಕೊಲ್ಲಿಗೆ ಬೀಳುತ್ತೆ. ಸಕಲೇಶಪುರದ ಹೇಮಾವತಿ ಪೂರ್ವಕ್ಕೆ ಹೋಗಿ ಕಾವೇರಿ ಸೇರಿದರೆ, ಸ್ವಲ್ಪ ಆಚೆಗಿನ ಕೆಂಪುಹೊಳೆ ಪಶ್ಚಿಮಕ್ಕೆ ಇಳಿಯುತ್ತಲ್ಲ, ಹಾಗೆ. ಈ ನೆತ್ತಿಯಿಂದ ಪಿಟ್ಸ್‌ಬರ್ಗಿಗೆ 126 ಮೈಲಿ. ಅಷ್ಟು ದೂರದಲ್ಲಿ ಇಳಿಯೋದು ಬರೀ 1,700 ಅಡಿಯ ಆಸುಪಾಸು.

ಅಂದರೆ ಒಂದು ಕಡೆಯಿಂದ ಹೊರಟರೆ 24 ಮೈಲಿ ಏರು, ಆಮೇಲೆ ಎರಡೂವರೆ ದಿನ ಹೆಚ್ಚುಕಮ್ಮಿ ಇಳಿಜಾರು. ಇನ್ನೊಂದು ಕಡೆಯಿಂದ ಹೊರಟರೆ ಗೊತ್ತೇ ಆಗದಷ್ಟು ನಿಧಾನದ ಏರು, ಕೊನೆಗೆ ಒಂದೇ ಉಸಿರಿಗೆ ಇಳಿಜಾರು. ನಮ್ಮಲ್ಲೊಬ್ಬನಿಗೆ ಮೂರನೇ ದಾರಿಯೂ ಹೊಳೆಯಿತು. ಕಂಬರ್‌ಲ್ಯಾಂಡಿನಿಂದ ಫ್ರಾಸ್ಟ್‌ಬರ್ಗ್ ತನಕ ಪ್ರವಾಸಿಗರಿಗಾಗಿ ಓಡಿಸುವ ಹಳೇ ರೈಲೊಂದಿದೆ. ಅದರಲ್ಲಿ ಸೈಕಲ್ ಹೇರಿಕೊಂಡು ಹೋದರೆ ಏರಿನ ಮುಕ್ಕಾಲುವಾಸಿ ಮುಗಿದೇ ಹೋಗುತ್ತೆ. “ಇದು ಮೋಸ” ಅಂತ ಗ್ರೂಪಿನಲ್ಲಿ ತೀರ್ಮಾನವಾಯಿತು.

ಏರು ಎಷ್ಟು ಅಂತ ಕೊನೆಗೂ ನೋಡಿದೆ. ಪೂರ್ವದ ಕಡೆ ಗರಿಷ್ಠ ಶೇಕಡಾ 1.75. ಅಪ್ಪನ ಭಾಷೆಯಲ್ಲಿ ಹೇಳಿದರೆ 57 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಪಶ್ಚಿಮದ ಕಡೆ ಶೇಕಡಾ 1ಕ್ಕಿಂತಲೂ ಕಮ್ಮಿ.

“ಒಂದಕ್ಕೆ ಐವತ್ತೇಳಾ? ನಮ್ಮ ಘಾಟಿ ಒಂದಕ್ಕೆ ಐವತ್ತು. ನಮ್ಮದಕ್ಕಿಂತ ಸಲೀಸು. ಹತ್ತು ಸುಮ್ನೆ” ಅಂದರು ಅಪ್ಪ. ಜಗಳ ಅಲ್ಲಿಗೆ ಮುಗಿಯಿತು. ಕಂಬರ್‌ಲ್ಯಾಂಡಿನಿಂದಲೇ ಹೊರಡೋದು.

ರೈಲಿನ ದಾರಿ ಇಷ್ಟು ಮೆತ್ತಗಿರೋಕೆ ಕಾರಣ ರೈಲಿನ ದೌರ್ಬಲ್ಯ. ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ ಸಲೀಸಾಗಿ ಉರುಳುತ್ತೆ, ಅದಕ್ಕೇ ಒಂದು ಎಂಜಿನ್ನು ಸಾವಿರಾರು ಟನ್ ಎಳೆಯುತ್ತೆ. ಆದರೆ ಅದೇ ನುಣುಪಿನಿಂದಾಗಿ ಏರಿನಲ್ಲಿ ಹಿಡಿತ ಸಿಗಲ್ಲ, ಗಾಲಿ ನಿಂತಲ್ಲೇ ತಿರುಗುತ್ತೆ. ಕುದುರೆಯೋ ಎತ್ತಿನಗಾಡಿಯೋ ಹತ್ತುವ ಏರನ್ನೂ ರೈಲು ಹತ್ತಲಾರದು. ಹಾಗಾಗಿ ಅದಕ್ಕೆ ಬೆಟ್ಟವನ್ನೇ ಬಗ್ಗಿಸಬೇಕು. ಉಬ್ಬಿದ ಕಡೆ ಕಡಿದು, ತಗ್ಗಿದ ಕಡೆ ಮಣ್ಣು ತುಂಬಿ, ಸುತ್ತು ಹಾಕಿ, ಸುತ್ತು ಹಾಕಲಾಗದ ಕಡೆ ಸುರಂಗ ಕೊರೆದು, ಕಣಿವೆಗೆ ಸೇತುವೆ ಕಟ್ಟಿ. ಇದೇ ಕಂಬರ್‌ಲ್ಯಾಂಡಿನಿಂದ 1811ರಲ್ಲಿ ಪಶ್ಚಿಮಕ್ಕೆ ‘ನ್ಯಾಷನಲ್ ರೋಡ್’ ಕಟ್ಟೋಕೆ ಶುರು ಮಾಡಿದ್ದರು, ಅದು ಕೇಂದ್ರ ಸರ್ಕಾರದ ದುಡ್ಡಿನ ಮೊದಲ ಹೆದ್ದಾರಿ. ಆ ರಸ್ತೆ ಈಗಲೂ ಇದೆ. ಅದರಲ್ಲಿ ಸೈಕಲ್ ಹತ್ತಿಸಿದರೆ ತೊಡೆ ಮಾತಾಡುತ್ತೆ. ಪಕ್ಕದ ರೈಲು ದಾರಿಯಲ್ಲಿ ನಮ್ಮಂಥ ದಿನವಿಡೀ ಕುರ್ಚಿಯಲ್ಲಿ ಕೂರುವವರೂ ಹತ್ತಬಹುದು.

ಆಚೆ ದಡದಲ್ಲಿ ಇನ್ನೊಂದು ಹಳಿ ಯಾಕೆ?

ಮ್ಯಾಪ್ ನೋಡುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ನಮ್ಮ ಸೈಕಲ್ ದಾರಿ ಒಂದು ದಡದಲ್ಲಿದ್ದರೆ ನದಿಯ ಇನ್ನೊಂದು ದಡದಲ್ಲಿ ರೈಲು ಹಳಿ ಇದೆ. ಸತ್ತ ಹಳಿ ಅಲ್ಲ, ಹಗಲೂ ರಾತ್ರಿ ಉದ್ದುದ್ದ ಗೂಡ್ಸ್ ಗಾಡಿ ಓಡುವ ಜೀವಂತ ಲೈನು. ನಾವು ವಾಷಿಂಗ್ಟನ್ನಿನಿಂದ ಕಂಬರ್‌ಲ್ಯಾಂಡಿಗೆ ಹೋಗುವ ಆಮ್‌ಟ್ರಾಕ್ ರೈಲೂ ಅದರ ಮೇಲೇ ಪಿಟ್ಸ್‌ಬರ್ಗ್ ಕಡೆ ಮುಂದುವರಿಯೋದು. ಒಂದೇ ಕಣಿವೆ, ಎರಡು ಲೈನು. ಒಂದು ಉಳಿದಿದೆ, ಒಂದು ಹೋಗಿದೆ.

ನದಿಯ ಹೆಸರು ಯಾಕಗೇನಿ. ಮೂಲನಿವಾಸಿಗಳ ಭಾಷೆಯಿಂದ ಬಂದ ಹೆಸರು. ಸ್ಥಳೀಯರು ಅದನ್ನು ಚಿಕ್ಕದು ಮಾಡಿ ‘ಯಾಕ್’ ಅನ್ನುತ್ತಾರೆ. ಕನ್ನಡದವರಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ನಮ್ಮ ವಾಟ್ಸಾಪ್ ಗ್ರೂಪಿನ ಹೆಸರಿನ ಜಗಳವೂ ಅಲ್ಲಿಗೆ ಬಗೆಹರಿಯಿತು: ‘ಯಾಕ್?’

ಮೊದಲು ಬಂದದ್ದು ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್‌ರೋಡ್, ಚಿಕ್ಕದಾಗಿ ಬಿ ಅಂಡ್ ಓ. ಅದು 1842ರಲ್ಲಿ ಕಂಬರ್‌ಲ್ಯಾಂಡ್ ತಲುಪಿತು. ಕಂಬರ್‌ಲ್ಯಾಂಡಿನಿಂದ ಬೆಟ್ಟ ದಾಟಿ ಕಾನಲ್ಸ್‌ವಿಲ್ ಮೂಲಕ ಪಿಟ್ಸ್‌ಬರ್ಗಿಗೆ ಲೈನು ಪೂರ್ತಿಯಾದದ್ದು 1871ರಲ್ಲಿ. ಕಾನಲ್ಸ್‌ವಿಲ್ ಸುತ್ತಮುತ್ತ ಸಿಗುವ ಕಲ್ಲಿದ್ದಲು ಕೋಕ್ ಮಾಡೋಕೆ ಹೇಳಿ ಮಾಡಿಸಿದ್ದು. ಕೋಕ್ ಇಲ್ಲದೆ ಅಂದಿನ ಉಕ್ಕಿನ ಕುಲುಮೆ ಇಲ್ಲ. ಜೇನುಗೂಡಿನ ಆಕಾರದ ಸಾವಿರಾರು ಇಟ್ಟಿಗೆ ಒಲೆಗಳಲ್ಲಿ ಕಲ್ಲಿದ್ದಲು ಸುಟ್ಟು ಕೋಕ್ ಮಾಡಿ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಆ ಸರಕಿನ ಮೇಲೆ ಎಲ್ಲ ರೈಲು ಕಂಪನಿಗಳ ಕಣ್ಣು.

ವೆಸ್ಟರ್ನ್ ಮೇರಿಲ್ಯಾಂಡ್ ಅನ್ನೋದು ಬಿ ಅಂಡ್ ಓ ಎದುರು ಸಣ್ಣ ಕಂಪನಿ. 1902ರಲ್ಲಿ ಜಾರ್ಜ್ ಗೌಲ್ಡ್ ಅನ್ನುವ ರೈಲು ಸಾಹುಕಾರ ಅದನ್ನು ಹಿಡಿತಕ್ಕೆ ತೆಗೆದುಕೊಂಡ. ಅಮೆರಿಕದ ಒಂದು ಸಾಗರತೀರದಿಂದ ಇನ್ನೊಂದಕ್ಕೆ ತನ್ನದೇ ಲೈನಿರಬೇಕು ಅನ್ನೋದು ಅವನ ಕನಸು. 1908ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ದಿವಾಳಿಯಾಯಿತು. ಕನಸು ಹೋದರೂ ಕೋಕ್ ಆಸೆ ಹೋಗಲಿಲ್ಲ. ಕಂಪನಿಯನ್ನು ಮತ್ತೆ ಎತ್ತಿ ನಿಲ್ಲಿಸಿದವರು 1910ರಿಂದ 1912ರ ನಡುವೆ ಕಂಬರ್‌ಲ್ಯಾಂಡಿನಿಂದ ಕಾನಲ್ಸ್‌ವಿಲ್‌ಗೆ 87 ಮೈಲಿ ಹೊಸ ಲೈನ್ ಹಾಕಿದರು. ನಾವು ಸೈಕಲ್ ಹೊಡೆಯೋದು ಇದರ ಮೇಲೆ.

ತಡವಾಗಿ ಬಂದವನಿಗೆ ಒಳ್ಳೆ ಜಾಗ ಉಳಿದಿರಲ್ಲ. ಸಲೀಸಾದ ದಡವನ್ನೆಲ್ಲ ನಲವತ್ತು ವರ್ಷ ಮೊದಲೇ ಬಿ ಅಂಡ್ ಓ ಹಿಡಿದಾಗಿತ್ತು. ಉಳಿದ ದಡದಲ್ಲಿ ತೂರಿಕೊಂಡು ಹೋಗೋಕೆ ಹೊಸ ಲೈನು ಎತ್ತರದ ಸೇತುವೆಗಳನ್ನು ಕಟ್ಟಿತು, ಬೆಟ್ಟ ಕೊರೆಯಿತು. ಮೈಯರ್ಸ್‌ಡೇಲ್ ಬಳಿಯ ಸಾಲ್ಸ್‌ಬರಿ ವಯಡಕ್ಟ್ 1,908 ಅಡಿ ಉದ್ದ. ಕ್ಯಾಸಲ್‌ಮನ್ ನದಿ, ಹೆದ್ದಾರಿ, ಎದುರಾಳಿಯ ಹಳಿ ಎಲ್ಲವನ್ನೂ ಒಟ್ಟಿಗೆ ದಾಟುತ್ತೆ. ಬಿಗ್ ಸ್ಯಾವೇಜ್ ಸುರಂಗ ಸುಮಾರು 3,300 ಅಡಿ, ಅಂದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಇಷ್ಟೆಲ್ಲ ಎರಡೇ ವರ್ಷದಲ್ಲಿ. ಏರಿನ ಲೆಕ್ಕದಲ್ಲಿ, ಕಟ್ಟಿದ ರೀತಿಯಲ್ಲಿ ಹೊಸದೇ ಮೇಲು.

ಹಾಗಿದ್ದರೆ ಹೋದದ್ದು ಅದೇ ಯಾಕೆ?

ಇದಕ್ಕೆ ಉತ್ತರ ನಮ್ಮ ಐಟಿಯವರಿಗೆ ಬೇಗ ಅರ್ಥವಾಗುತ್ತೆ. ಮರ್ಜರ್. ಲಾರಿ, ಹೆದ್ದಾರಿಗಳ ಪೈಪೋಟಿಯಿಂದ ಸೊರಗಿದ ರೈಲು ಕಂಪನಿಗಳು ಒಂದರೊಳಗೊಂದು ಸೇರಿಕೊಂಡವು. 1973ರ ಹೊತ್ತಿಗೆ ಬಿ ಅಂಡ್ ಓ, ವೆಸ್ಟರ್ನ್ ಮೇರಿಲ್ಯಾಂಡ್ ಎರಡೂ ಚೆಸ್ಸಿ ಸಿಸ್ಟಂ ಅನ್ನುವ ಒಂದೇ ಛತ್ರಿ ಕೆಳಗೆ ಬಂದಿದ್ದವು. ಒಂದೇ ಯಜಮಾನನಿಗೆ ಒಂದೇ ಕಣಿವೆಯಲ್ಲಿ ಎರಡು ಲೈನು ಯಾಕೆ? ‘ಡುಪ್ಲಿಕೇಟ್’ ಅಂತ ಹಣೆಪಟ್ಟಿ ಬಿತ್ತು. 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡಿನ ಈ ಲೈನು ನಿಂತಿತು. ಆಮೇಲೆ ಹಳಿ ಕಿತ್ತರು.

ಅಪ್ಪನಿಗೆ ವರದಿ ಒಪ್ಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಗ್ಯಾಂಗಿನವರು ಏನಾದ್ರೋ?”

ಗ್ಯಾಂಗ್‌ಮನ್‌ಗಳು, ಅಂದರೆ ಬೆಳಗ್ಗೆ ಎದ್ದು ಸುತ್ತಿಗೆ, ಸಲಾಕೆ ಹೊತ್ತು ಹಳಿ ಉದ್ದಕ್ಕೂ ನಡೆಯುವವರು. ಒಬ್ಬೊಬ್ಬರ ಕಥೆ ಎಕ್ಸೆಲ್ ಶೀಟಿಗೆ ಸಿಗಲ್ಲ. ಸಿಗೋದು ಊರಿನ ಲೆಕ್ಕ. ಕಂಬರ್‌ಲ್ಯಾಂಡಿನಲ್ಲಿ 1940ರಲ್ಲಿ 39 ಸಾವಿರ ಜನ ಇದ್ದರು, 2020ರಲ್ಲಿ 19 ಸಾವಿರ. ನಮ್ಮ ದಾರಿಯ ಇನ್ನೊಂದು ತುದಿಯ ಮಕೀಸ್‌ಪೋರ್ಟಿನಲ್ಲಿ 1940ರಲ್ಲಿ 55 ಸಾವಿರ, 2020ರಲ್ಲಿ 18 ಸಾವಿರಕ್ಕೂ ಕಮ್ಮಿ. ರೈಲೊಂದೇ ಕಾರಣ ಅಲ್ಲ, ಕಲ್ಲಿದ್ದಲು, ಉಕ್ಕು, ಗಾಜು ಎಲ್ಲ ಒಂದರ ಹಿಂದೆ ಒಂದು ಹೋದವು. ಆದರೆ ಹೋದದ್ದು ಯಾರು ಅನ್ನೋದಂತೂ ಈ ಸಂಖ್ಯೆಯಲ್ಲಿ ಕಾಣುತ್ತೆ.

ಹಳಿ ಹೋದ ಮೇಲೂ ದಾರಿ ಉಳಿದದ್ದು ಹೇಗೆ?

ಹಳಿ ಕಿತ್ತ ಜಾಗ ತಾನಾಗೇ ಸೈಕಲ್ ದಾರಿ ಆಗಲ್ಲ. ಉದ್ದಕ್ಕೆ ಹಾವಿನ ಹಾಗೆ ಹೋಗುವ ಆ ಪಟ್ಟಿಯಲ್ಲಿ ನಡುವೆ ಒಂದು ಎಕರೆ ಬೇರೆಯವರ ಪಾಲಾದರೂ ಕಥೆ ಮುಗಿಯಿತು. ಎಷ್ಟೋ ಕಡೆ ರೈಲು ಕಂಪನಿಗಳಿಗೆ ಜಾಗದ ಮಾಲೀಕತ್ವವೇ ಇರಲಿಲ್ಲ, ಓಡಾಡುವ ಹಕ್ಕು ಮಾತ್ರ ಇತ್ತು. ರೈಲು ನಿಂತರೆ ಹಕ್ಕೂ ನಿಂತಿತು, ಜಾಗ ಪಕ್ಕದ ಹೊಲದವರಿಗೆ ವಾಪಸ್.

1916ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 2 ಲಕ್ಷ 54 ಸಾವಿರ ಮೈಲಿ ರೈಲು ದಾರಿ ಇತ್ತು. ಅದೇ ಶಿಖರ, ಆಮೇಲೆ ಇಳಿಯುತ್ತಾ ಬಂತು. ಮುಚ್ಚಿದ ದಾರಿಗಳಲ್ಲಿ ಜನ ನಡೆಯಬಹುದಲ್ಲ ಅಂತ ಮೊದಲು ದನಿ ಎತ್ತಿದವರಲ್ಲಿ ಮೇ ಥೀಲ್‌ಗಾರ್ಡ್ ವಾಟ್ಸ್ ಅನ್ನುವ ಸಸ್ಯತಜ್ಞೆ ಒಬ್ಬರು. 1963ರಲ್ಲಿ ಅವರು ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆಗೆ ಒಂದು ಪತ್ರ ಬರೆದರು. ಅದರಿಂದ ಹುಟ್ಟಿದ್ದು ಇಲಿನಾಯ್ ಪ್ರೈರಿ ಪಾತ್. ಹೆಚ್ಚುಕಮ್ಮಿ ಅದೇ ಹೊತ್ತಿಗೆ ವಿಸ್ಕಾನ್ಸಿನ್ ರಾಜ್ಯ ಎಲ್ರಾಯ್‌ನಿಂದ ಸ್ಪಾರ್ಟಾ ತನಕದ ಹಳೇ ಲೈನನ್ನು ಕೊಂಡು ಸೈಕಲ್ ದಾರಿ ಮಾಡಿತು.

ಕಾನೂನು ಬಂದದ್ದು 1983ರಲ್ಲಿ. ಅದರ ಹೆಸರು ‘ರೈಲ್ ಬ್ಯಾಂಕಿಂಗ್’. ರೈಲು ನಿಂತರೂ ದಾರಿ ಸತ್ತಿಲ್ಲ, ಮುಂದೆ ಯಾವತ್ತಾದರೂ ರೈಲಿಗೆ ಬೇಕಾಗಬಹುದು, ಅಲ್ಲಿ ತನಕ ಬ್ಯಾಂಕಿನಲ್ಲಿಟ್ಟ ಹಾಗೆ ಕಾಪಾಡಿ, ಜನ ನಡೆಯಲಿ, ಸೈಕಲ್ ಹೊಡೆಯಲಿ ಅನ್ನೋದು ಅದರ ತಿರುಳು. ಜಮೀನಿನವರು ಸುಮ್ಮನಿರಲಿಲ್ಲ. ವರ್ಮಾಂಟ್ ರಾಜ್ಯದ ಒಂದು ಕುಟುಂಬ ಸುಪ್ರೀಂ ಕೋರ್ಟ್ ತನಕ ಹೋಯಿತು. 1990ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು, ಜಮೀನು ಕಳೆದುಕೊಂಡವರು ಪರಿಹಾರ ಕೇಳಬಹುದು ಅಂತಲೂ ಹೇಳಿತು. ಇವತ್ತು ಅಮೆರಿಕದಲ್ಲಿ 25 ಸಾವಿರ ಮೈಲಿಗೂ ಹೆಚ್ಚು ರೈಲ್ ಟ್ರೇಲ್ ಇದೆ.

ನಮ್ಮ ವೆಸ್ಟರ್ನ್ ಮೇರಿಲ್ಯಾಂಡ್ ಲೈನು ನಿಂತದ್ದು 1975ರಲ್ಲಿ, ಕಾನೂನಿಗೆ ಎಂಟು ವರ್ಷ ಮೊದಲೇ. ಹಾಗಾಗಿ ಅದನ್ನು ತುಂಡು ತುಂಡಾಗಿ ಕೊಂಡುಕೊಳ್ಳಬೇಕಾಯಿತು. ವೆಸ್ಟರ್ನ್ ಪೆನ್ಸಿಲ್ವೇನಿಯಾ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಒಹಾಯೊಪೈಲ್ ಸುತ್ತಲಿನ ಭಾಗವನ್ನು ಬೇಗ ಕೊಂಡು ಉಳಿಸಿತು. 1986ರಲ್ಲಿ ಅಲ್ಲಿ ಮೊದಲ ತುಂಡು ತೆರೆಯಿತು. ಒಂದೊಂದು ಊರಿನವರು ಒಂದೊಂದು ಸಂಘ ಕಟ್ಟಿಕೊಂಡು ದುಡ್ಡು ಎತ್ತಿದರು, ಮುಳ್ಳು ಕಡಿದರು, ಜಲ್ಲಿ ಹಾಸಿದರು. 1995ರಲ್ಲಿ ಆ ಸಂಘಗಳೆಲ್ಲ ಅಲಿಗೇನಿ ಟ್ರೇಲ್ ಅಲಯನ್ಸ್ ಅಂತ ಒಂದಾದವು. 1998ರಲ್ಲಿ ಸಾಲ್ಸ್‌ಬರಿ ವಯಡಕ್ಟ್ ಮೇಲೆ ಸೈಕಲ್ ಓಡಿತು. ನೀರು ಸೋರಿ ಕುಸಿಯುತ್ತಿದ್ದ ಬಿಗ್ ಸ್ಯಾವೇಜ್ ಸುರಂಗವನ್ನು ಕೋಟ್ಯಂತರ ಡಾಲರ್ ಸುರಿದು ಸರಿಮಾಡಿದರು. 2006ರ ಡಿಸೆಂಬರಿನಲ್ಲಿ ಕಂಬರ್‌ಲ್ಯಾಂಡ್ ತನಕ ಕೂಡಿತು, 2013ರಲ್ಲಿ ಪಿಟ್ಸ್‌ಬರ್ಗ್ ತುದಿ ಕೂಡಿತು. ಲೈನು ಹಾಕೋಕೆ 2 ವರ್ಷ ಹಿಡಿದಿತ್ತು. ಹಳಿ ತೆಗೆದ ದಾರಿಯನ್ನು ಜೋಡಿಸೋಕೆ ಹಿಡಿದದ್ದು 27 ವರ್ಷ.

“ಜಾಗ ಕೈ ಬಿಟ್ಟರೆ ಮುಗೀತು ಅಂತ ನಮ್ಮ ಸಾಹೇಬರು ಹೇಳ್ತಿದ್ದರು” ಅಂದರು ಅಪ್ಪ. ಅವರ ಘಾಟಿಯಲ್ಲೂ 1996ರಲ್ಲಿ ಮೀಟರ್ ಗೇಜ್ ಗಾಡಿ ನಿಂತಿತ್ತು. 57 ಸುರಂಗಗಳ ಆ ದಾರಿಯಲ್ಲಿ ಹತ್ತು ವರ್ಷ ರೈಲಿರಲಿಲ್ಲ. ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ‘ಗ್ರೀನ್ ರೂಟ್’ ಅಂತ ನಡೆಯೋಕೆ ಬರುತ್ತಿದ್ದರು. ನಿಮ್ಮಲ್ಲೂ ಎಷ್ಟೋ ಜನ ಹೋಗಿರಬಹುದು. ಆದರೆ ಅಲ್ಲಿ ಲೈನ್ ಮುಚ್ಚಿದ್ದು ಕೈಬಿಡೋಕೆ ಅಲ್ಲ, ಬ್ರಾಡ್ ಗೇಜ್ ಮಾಡೋಕೆ. ಜಾಗ ರೈಲ್ವೆಯ ಕೈಯಲ್ಲೇ ಇತ್ತು. 2006ರಲ್ಲಿ ಗೂಡ್ಸ್ ಗಾಡಿ ಓಡಿತು, ಆಮೇಲೆ ಪ್ಯಾಸೆಂಜರ್ ಗಾಡಿಯೂ ಬಂತು. ಈಗ ಆ ಹಳಿ ಮೇಲೆ ನಡೆಯೋದು ಅಪರಾಧ, ಅಪಾಯ ಕೂಡ. ಅಪ್ಪನಿಗೆ ಅದೇ ಖುಷಿ. “ನಡೆಯೋಕೆ ಬೇರೆ ಜಾಗ ಇಲ್ವಾ? ರೈಲು ಓಡಬೇಕು ಕಣೋ” ಅನ್ನುತ್ತಾರೆ.

ಮೂರು ದಿನ, ಮೂರು ಪಾಲು

ಶುಕ್ರವಾರ ಮಧ್ಯಾಹ್ನದ ರೈಲಿನಲ್ಲಿ ಸೈಕಲ್ ಸಮೇತ ಹೊರಟು ರಾತ್ರಿ ಕಂಬರ್‌ಲ್ಯಾಂಡಿನಲ್ಲಿ ಮಲಗೋದು. ಸೈಕಲ್ಲಿಗೂ ಮೊದಲೇ ಸೀಟು ಕಾದಿರಿಸಬೇಕು, ಅದು ಮರೆಯಬಾರದು. ಎಲೆ ನೋಡುವ ಕಾಲದಲ್ಲಿ ದಾರಿಯ ಸಣ್ಣ ಊರುಗಳಲ್ಲಿ ರೂಮು ಬೇಗ ತುಂಬುತ್ತೆ. ಸೂರ್ಯ ಏಳೂವರೆ ಹತ್ತಿರ ಹುಟ್ಟಿ, ಸಂಜೆ ಆರೂವರೆ ಹೊತ್ತಿಗೆ ಮುಳುಗುತ್ತಾನೆ. ಹನ್ನೊಂದು ಗಂಟೆ ಬೆಳಕು, ಅಷ್ಟೇ. ಬೆಳಗ್ಗೆ ಕೈ ಮರಗಟ್ಟುವ ಚಳಿ ಇರುತ್ತೆ, ಸುರಂಗದೊಳಗೆ ಇನ್ನೂ ಜಾಸ್ತಿ. ಒದ್ದೆ ಎಲೆ ಮೇಲೆ ಬ್ರೇಕ್ ಹಾಕಿದರೆ ನೆಲಕ್ಕೆ ಸಾಷ್ಟಾಂಗ.

ಮೊದಲ ದಿನ ರಾಕ್‌ವುಡ್ ತನಕ 44 ಮೈಲಿ. ಏರು, ಬಿಗ್ ಸ್ಯಾವೇಜ್, ಜಲವಿಭಾಜಕ, ವಯಡಕ್ಟ್ ಎಲ್ಲ ಇದರಲ್ಲೇ. ಸುರಂಗಕ್ಕೆ ಸ್ವಲ್ಪ ಮೊದಲು ಮೇಸನ್-ಡಿಕ್ಸನ್ ಗೆರೆ ದಾಟುತ್ತೇವೆ. 1763ರಿಂದ 1767ರ ತನಕ ಇಬ್ಬರು ಇಂಗ್ಲಿಷ್ ಸರ್ವೇಯರ್‌ಗಳು ಎರಡು ವಸಾಹತುಗಳ ಗಡಿ ಜಗಳ ಬಿಡಿಸೋಕೆ ಎಳೆದ ಗೆರೆ ಅದು. ಆಮೇಲೆ ಗುಲಾಮಗಿರಿ ಇರುವ ರಾಜ್ಯ, ಇಲ್ಲದ ರಾಜ್ಯಗಳ ನಡುವಿನ ಗೆರೆಯಾಯಿತು. ಸುರಂಗ ಚಳಿಗಾಲದಲ್ಲಿ ಮುಚ್ಚಿರುತ್ತೆ. ಸೋರುವ ನೀರು ಹೆಪ್ಪುಗಟ್ಟಿ ಗೋಡೆ ಒಡೆಯಬಾರದು ಅಂತ ಎರಡೂ ಬಾಯಿಗೆ ಬಾಗಿಲು ಹಾಕಿಬಿಡುತ್ತಾರೆ. ಅಕ್ಟೋಬರಿಗೆ ತೆರೆದಿರುತ್ತೆ.

ಎರಡನೇ ದಿನ ಕಾನಲ್ಸ್‌ವಿಲ್ ತನಕ 45 ಮೈಲಿ. ನಡುವೆ ಕಾನ್‌ಫ್ಲುಯೆನ್ಸ್ ಅನ್ನುವ ಊರು, ನಮ್ಮ ತಿರುಮಕೂಡಲಿನ ಹಾಗೆ ಮೂರು ನೀರು ಸೇರುವ ಜಾಗ. 1754ರಲ್ಲಿ ಇಪ್ಪತ್ತೆರಡು ವರ್ಷದ ಜಾರ್ಜ್ ವಾಷಿಂಗ್ಟನ್ ಬ್ರಿಟಿಷರ ಸೇನಾಧಿಕಾರಿಯಾಗಿ ಇಲ್ಲಿಗೆ ಬಂದಿದ್ದ. ನದಿಯಲ್ಲಿ ದೋಣಿ ಮೇಲೆ ಪಶ್ಚಿಮಕ್ಕೆ ಹೋಗಬಹುದಾ ಅಂತ ನೋಡೋಕೆ. ಕೆಳಗೆ ಒಹಾಯೊಪೈಲ್ ಜಲಪಾತ ಅಡ್ಡ ಬಂತು, ವಾಪಸಾದ. ನೀರಿನ ದಾರಿ ಇಲ್ಲಿ ಸಾಧ್ಯವಿಲ್ಲ ಅಂತಾದದ್ದೇ ಮುಂದೆ ರಸ್ತೆ, ಆಮೇಲೆ ರೈಲು ಬರೋಕೆ ಒಂದು ಕಾರಣ.

ಮೂರನೇ ದಿನ 61 ಮೈಲಿ, ಆದರೆ ಮಟ್ಟಸ. ಇದು ಬೇರೆ ಕಂಪನಿಯ ಹಳೇ ಲೈನು, ಪಿಟ್ಸ್‌ಬರ್ಗ್ ಅಂಡ್ ಲೇಕ್ ಈರಿಯದ್ದು. ನಮ್ಮ ಮೊದಲ ಪ್ಲಾನಿನಲ್ಲಿ ಈ ದಿನಕ್ಕೆ ‘ಸ್ಪೀಡಾಗಿ ಮುಗಿಸೋದು’ ಅಂತ ಬರೆದಿತ್ತು. ಓದುತ್ತಾ ಹೋದ ಹಾಗೆ ಅದನ್ನು ಅಳಿಸಬೇಕಾಯಿತು.

ವ್ಯಾನ್ ಮೀಟರ್ ಅನ್ನುವ ಹಳ್ಳಿಯಲ್ಲಿ ದಾರಿ ಪಕ್ಕ ಒಂದು ಫಲಕ ಇದೆ. ಅಲ್ಲಿದ್ದದ್ದು ಡಾರ್ ಗಣಿ. 1907ರ ಡಿಸೆಂಬರ್ 19ರಂದು ಗಣಿಯೊಳಗೆ ಸ್ಫೋಟವಾಗಿ 239 ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ಹಂಗೇರಿಯಿಂದ ಕೂಲಿಗೆ ಬಂದವರು. ಗುರುತೇ ಸಿಗದವರನ್ನು ಒಟ್ಟಿಗೆ ಮಣ್ಣು ಮಾಡಿದರು. ಅದೇ ತಿಂಗಳ 6ರಂದು ಪಕ್ಕದ ವೆಸ್ಟ್ ವರ್ಜೀನಿಯಾದ ಮನಾಂಗ ಗಣಿಯಲ್ಲಿ 362 ಜನ ಸತ್ತಿದ್ದರು. ನಾವು ಕಾಲಾಡಿಸುತ್ತಾ ಹೋಗುವ ದಾರಿಯಲ್ಲಿ ಓಡಿದ್ದು ಇಂಥ ಗಣಿಗಳ ಕಲ್ಲಿದ್ದಲು.

ಕೊನೆಗೆ ಪಿಟ್ಸ್‌ಬರ್ಗಿನ ಹೊರವಲಯದ ಹೋಮ್‌ಸ್ಟೆಡ್. 1892ರಲ್ಲಿ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯ ಕಾರ್ಮಿಕರನ್ನು ಹೊರಗಟ್ಟಿ ಬೀಗ ಹಾಕಿದವನು ಮ್ಯಾನೇಜರ್ ಹೆನ್ರಿ ಕ್ಲೇ ಫ್ರಿಕ್. ಕಾನಲ್ಸ್‌ವಿಲ್‌ನ ಕೋಕ್ ಒಲೆಗಳ ದೊರೆಯೂ ಇವನೇ. ಜುಲೈ 6ರ ಬೆಳಗಿನ ಜಾವ ಪಿಂಕರ್ಟನ್ ಕಂಪನಿಯ ಸುಮಾರು 300 ಕಾವಲುಗಾರರು ದೋಣಿಗಳಲ್ಲಿ ಬಂದಾಗ ನದಿ ದಡದಲ್ಲೇ ಗುಂಡಿನ ಕಾಳಗ ನಡೆಯಿತು. ಎರಡೂ ಕಡೆಯವರು ಸತ್ತರು. ಅದು ನಡೆದ ಜಾಗದ ಪಂಪ್‌ಹೌಸ್ ಇವತ್ತಿಗೂ ಸೈಕಲ್ ದಾರಿಯ ಪಕ್ಕ ಇದೆ. ಕಾರ್ಖಾನೆ ಮುಚ್ಚಿದ್ದು 1986ರಲ್ಲಿ, ಒಹಾಯೊಪೈಲ್‌ನಲ್ಲಿ ಟ್ರೇಲಿನ ಮೊದಲ ತುಂಡು ತೆರೆದ ವರ್ಷವೇ. ಈಗ ಅಲ್ಲೊಂದು ಶಾಪಿಂಗ್ ಕಾಂಪ್ಲೆಕ್ಸು. ಅದರ ಪಕ್ಕ ಹನ್ನೆರಡು ಇಟ್ಟಿಗೆ ಚಿಮಣಿಗಳು ಸಾಲಾಗಿ ನಿಂತಿವೆ.

ಎಲೆಯ ಬಣ್ಣ

ನಾವು ಹೊರಟದ್ದೇ ಕಾಡಿನ ಬಣ್ಣ ನೋಡೋಕೆ. ಆ ಕಾಡೂ ಚರಿತ್ರೆಯ ಭಾಗವೇ. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಪೆನ್ಸಿಲ್ವೇನಿಯಾದ ಹಳೇ ಕಾಡು ಬಹುಪಾಲು ಕಡಿದು ಮುಗಿದಿತ್ತು. ಮನೆಗೆ, ರೈಲಿನ ಸ್ಲೀಪರಿಗೆ, ಗಣಿಯೊಳಗೆ ಚಾವಣಿ ಬೀಳದ ಹಾಗೆ ನಿಲ್ಲಿಸುವ ಕಂಬಕ್ಕೆ ಎಲ್ಲದಕ್ಕೂ ಮರವೇ. ಕಡಿಯುವವರು, ಅಗೆಯುವವರು, ಸುಡುವವರು ಹೋದ ಮೇಲೆ ಮೇಪಲ್, ಓಕ್ ಮತ್ತೆ ಚಿಗುರಿದವು. ಸೈಕಲ್ ನಿಲ್ಲಿಸಿ ಫೋಟೊ ತೆಗೆಯುವ ಮರಗಳಿಗೆ ಹೆಚ್ಚೆಂದರೆ ನೂರು ವರ್ಷದ ಆಸುಪಾಸು.

ಇನ್ನೊಂದು ಕೆಂಪೂ ಇದೆ. ಕಾನಲ್ಸ್‌ವಿಲ್ ದಾಟಿದ ಮೇಲೆ ಅಲ್ಲಲ್ಲಿ ಬಂಡೆಯಿಂದ ಕಿತ್ತಳೆ ಬಣ್ಣದ ನೀರು ಸೋರುತ್ತೆ. ಬಿಟ್ಟುಹೋದ ಗಣಿಗಳಿಂದ ಬರುವ ಕಬ್ಬಿಣದ ನೀರು. ಅದಕ್ಕೆ ಋತುಮಾನ ಇಲ್ಲ, ವರ್ಷವಿಡೀ ಸೋರುತ್ತೆ.

ಇಷ್ಟೆಲ್ಲ ಓದಿದ ಮೇಲೆ ಟ್ರಿಪ್ಪಿನ ಮಜಾ ಹೋಯಿತಾ ಅಂತ ನಮ್ಮ ಗುಂಪಿನ ಗೆಳತಿ ಕೇಳಿದಳು. ಹೋಗಲಿಲ್ಲ. ಆದರೆ ಪ್ಲಾನ್ ಬದಲಾಯಿತು. ಚೀಲದಲ್ಲಿ ಮೂರು ದಿನದ ಊಟ ತುಂಬಿಕೊಂಡು ಹೋಗೋದು ಅಂತಿದ್ದವರು ಚಪಾತಿ ರೋಲ್ ಒಂದು ಹೊತ್ತಿಗೆ ಸಾಕು, ಉಳಿದದ್ದು ದಾರಿಯ ಊರುಗಳಲ್ಲೇ ತಿನ್ನೋದು ಅಂತ ಮಾಡಿಕೊಂಡೆವು. ದೊಡ್ಡ ಹೋಟೆಲಿನ ಬದಲು ಊರಿನವರೇ ನಡೆಸುವ ಸಣ್ಣ ಮನೆಗಳಲ್ಲಿ ರೂಮು ತೆಗೆದೆವು. ಹಳಿ ಹೋದ ಊರಿಗೆ ಸೈಕಲ್ಲಿನವರ ದುಡ್ಡು ಹಳೇ ಕಾರ್ಖಾನೆ ವಾಪಸ್ ತರಲ್ಲ. ನಾಲ್ಕು ಜನರಿಗೆ ಕಾಫಿ ಅಂಗಡಿ ಇಡೋಕಾದರೂ ಸಾಕಾಗುತ್ತೆ. ಮೂರನೇ ದಿನ ಬೆಳಗ್ಗೆ ಒಂದು ಗಂಟೆ ಮುಂಚೆ ಹೊರಟು, ಡಾರ್ ಗಣಿಯ ಫಲಕದ ಹತ್ತಿರ ನಿಲ್ಲೋದು ಅಂತಲೂ ಬರೆದಿದ್ದೇವೆ. ನಮ್ಮಲ್ಲಿ ಮೂವರು ಇನ್ನೂ ವೀಸಾದ ಮೇಲಿರುವವರು. ಹಂಗೇರಿಯವರ ಹಾಗೆ ನಾವು ಗಣಿಗೆ ಇಳಿಯಲ್ಲ, ಎಸಿ ರೂಮಿನಲ್ಲಿ ಕೂರುತ್ತೇವೆ, ನಿಜ. ಆದರೂ ದೂರದ ಊರಿಗೆ ದುಡಿಯೋಕೆ ಬಂದವರ ಹೆಸರಿಲ್ಲದ ಗೋರಿ ದಾಟಿ ಹೋಗುವಾಗ ಇಳಿದು ನಿಲ್ಲದೇ ಹೋಗೋದು ಸರಿ ಅನಿಸಲಿಲ್ಲ.

ವಾಪಸು ಮಂಗಳವಾರ. ಒಂದು ದಿನ ಎಲ್ಲರೂ ಲೀವ್ ಹಾಕಿದ್ದಾಗಿದೆ. ಪಿಟ್ಸ್‌ಬರ್ಗಿನಿಂದ ಬೆಳಗಿನ ಜಾವದ ರೈಲು. ಅದು ಬಿ ಅಂಡ್ ಓ ಕಟ್ಟಿದ ಹಳೇ ಲೈನಿನ ಮೇಲೆ, ಅಂದರೆ ಉಳಿದುಕೊಂಡ ದಡದಲ್ಲಿ ಹೋಗುತ್ತೆ. ಒಹಾಯೊಪೈಲ್ ಹತ್ತಿರ ಬರೋಷ್ಟರಲ್ಲಿ ಬೆಳಕು ಹರಿದಿದ್ದರೆ, ನಾವು ಹಿಂದಿನ ದಿನಗಳಲ್ಲಿ ತುಳಿದು ಬಂದ ದಾರಿ ನದಿಯಾಚೆ ಮರಗಳ ನಡುವೆ ಕಾಣಬಹುದು.

ನಿನ್ನೆ ಮತ್ತೆ ಅಪ್ಪನಿಗೆ ಫೋನ್ ಮಾಡಿದ್ದೆ. ಸೈಕಲ್ಲಿಗೆ ಆಯುಧಪೂಜೆ ಆಯಿತಾ ಅಂತ ಕೇಳಿದರು. ಆಯಿತು, ಕುಂಬಳಕಾಯಿ ಇಲ್ಲೂ ಸಿಗುತ್ತೆ ಅಂದೆ. ಈ ಕಾಲದಲ್ಲಿ ಇವರಿಗೆ ಮನೆಮನೆ ಮುಂದೆ ಕುಂಬಳಕಾಯಿ. ಆಮೇಲೆ ಅವರ ಕಡೇ ಸೂಚನೆ: “ಸುರಂಗದೊಳಗೆ ಇಳಿದು ಗೋಡೆ ನೋಡು. ಇಟ್ಟಿಗೆಯೋ ಕಾಂಕ್ರೀಟೋ, ನೀರು ಯಾವ ಕಡೆ ಹರಿಯುತ್ತೆ, ಫೋಟೊ ತೆಗೆದು ಕಳಿಸು. ಎಲೆ ಫೋಟೊ ಬೇಡ.”